ಗೌರಿ ಹೂವಿನ ಗಡ್ಡೆಗೆ ನಿದ್ದೆ ಬೇಕು

ಭಾದ್ರಪದದ ಹೊತ್ತಿಗೆ ಮಲೆನಾಡಿನ ಬೇಲಿಗಳ ಮೇಲೆ, ಕಾಡಂಚಿನ ಪೊದೆಗಳ ನಡುವೆ ಗೌರಿ ಹೂ ಅರಳುತ್ತದೆ. ಪಕ್ಕದ ತಮಿಳುನಾಡಿನಲ್ಲಿ ಇದು ರಾಜ್ಯಪುಷ್ಪ. ನಮ್ಮಲ್ಲಿ ಬೇಲಿ ಸವರುವಾಗ ಕತ್ತಿಗೆ ಸಿಕ್ಕು ಹೋಗುವುದೇ ಹೆಚ್ಚು. ಇಷ್ಟು ಚೆಲುವಾದ ಬಳ್ಳಿಗೆ ಮನೆಯಂಗಳದಲ್ಲಿ ಒಂದು ಮೂಲೆ ಸಿಗಲೇಬೇಕು.

ಗ್ಲೋರಿಯೋಸಾ ಸುಪರ್ಬಾ ಎಂಬುದು ಇದರ ಸಸ್ಯಶಾಸ್ತ್ರೀಯ ಹೆಸರು. ಬಳ್ಳಿಯಾದರೂ ಇದಕ್ಕೆ ಬೇರೆ ಹಂಬುಗಳಿಲ್ಲ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಹೂ ತಲೆಕೆಳಗಾಗಿ ತೂಗುತ್ತದೆ, ಅದರ ಆರು ಅಲೆಅಲೆ ದಳಗಳು ಮಾತ್ರ ಮೇಲಕ್ಕೆ ಮಡಚಿಕೊಳ್ಳುತ್ತವೆ. ಹಳದಿಯಾಗಿದ್ದ ದಳ ದಿನ ಕಳೆದಂತೆ ಕೆಂಪೇರುತ್ತದೆ. ಕೇಸರಗಳು ಸುತ್ತಲೂ ಚಾಚಿದ್ದರೆ ಶಲಾಕೆ ಬುಡದಲ್ಲೇ ಬಾಗಿ ಒಂದು ಪಕ್ಕಕ್ಕೆ ಹೊರಳಿರುತ್ತದೆ. ಶಲಾಕಾಗ್ರ ಹೀಗೆ ದೂರ ಸರಿದಿರುವುದರಿಂದ ಅದೇ ಹೂವಿನ ಪರಾಗ ಅದಕ್ಕೆ ತಾಗುವುದು ಕಡಿಮೆ.

ಬೆಳೆಸುವವರು ಸೋಲುವುದು ಹೆಚ್ಚಾಗಿ ಚಳಿಗಾಲದಲ್ಲಿ. ಮಳೆ ಮುಗಿದ ಮೇಲೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತಿತೆಂದು ಮರುಗಿ ನೀರು ಹೊಯ್ದರೆ ಗಡ್ಡೆ ಕೊಳೆಯುತ್ತದೆ. ನೆಲದಡಿಯಲ್ಲಿ ಅದು ಜೀವಂತವಾಗಿಯೇ ಇದೆ: ಹಳೆಯ ಗಡ್ಡೆ ತನ್ನ ಸತ್ವವನ್ನೆಲ್ಲ ಬಳ್ಳಿಗೆ ಕೊಟ್ಟು ಬತ್ತಿದೆ, ಎಲೆಗಳು ತಯಾರಿಸಿದ ಆಹಾರ ಹೊಸ ಗಡ್ಡೆಯಲ್ಲಿ ಕೂಡಿದೆ. ಆದ್ದರಿಂದ ಬಳ್ಳಿ ತಾನಾಗಿ ಒಣಗುವ ಮುನ್ನ ಕತ್ತರಿಸಬೇಡಿ. ಒಣಗಿದ ಮೇಲೆ ಕುಂಡವನ್ನು ಮಳೆ, ನೀರು ತಾಗದ ಕಡೆ ಇಟ್ಟು ಸುಮ್ಮನಿದ್ದುಬಿಡಿ. ಮುಂಗಾರಿನ ಮುಂಚೆ ನೀರು ಬಸಿದುಹೋಗುವ ಮಣ್ಣಿನಲ್ಲಿ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೂರ್ನಾಲ್ಕು ಬೆರಳಿನಷ್ಟು ಮಣ್ಣು ಮುಚ್ಚಿ. ಕವಲೊಡೆದ ಗಡ್ಡೆಯ ತುದಿಯಲ್ಲಿರುವ ಮೊಳಕೆ ಮುರಿಯದಂತೆ ನೋಡಿಕೊಳ್ಳಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಿಡವಿಡೀ ವಿಷ, ಗಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದು ಜೀವ ಕಳೆದುಕೊಂಡವರಿದ್ದಾರೆ. ಇದರಲ್ಲಿರುವ ಕಾಲ್ಚಿಸಿನ್, ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮನಾಳಿಕೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಕೋಶಗಳು ಬೇಗ ಬೇಗ ವಿಭಜನೆಯಾಗುವ ಕರುಳು, ಅಸ್ಥಿಮಜ್ಜೆಗಳಿಗೆ ಅದರ ಪೆಟ್ಟು ಜೋರು. ಇದೇ ವಸ್ತು ಬಹಳ ಕಡಿಮೆ ಪ್ರಮಾಣದಲ್ಲಿ ಗೌಟ್ ಎಂಬ ಸಂಧಿವಾತಕ್ಕೆ ಮದ್ದು. ಅದಕ್ಕಾಗಿಯೇ ತಮಿಳುನಾಡಿನ ರೈತರು ಬೀಜಕ್ಕಾಗಿ ಈ ಬಳ್ಳಿಯನ್ನು ಹೊಲದಲ್ಲಿ ಬೆಳೆಯುತ್ತಾರೆ. ಪುಟ್ಟ ಮಕ್ಕಳು, ದನ, ನಾಯಿಗಳು ಓಡಾಡುವ ಜಾಗದಲ್ಲಿ ನೆಡಬೇಡಿ. ಗಡ್ಡೆ ಮುಟ್ಟುವಾಗ ಕೈಗವಸು ಇರಲಿ.

ಔಷಧಿಗೆಂದು ಅಗೆದು ಅಗೆದು ಕಾಡಿನ ಗಡ್ಡೆಗಳು ಹಲವೆಡೆ ಕಡಿಮೆಯಾಗಿವೆ. ಅವನ್ನು ಕಿತ್ತು ತರುವ ಬದಲು ನರ್ಸರಿಯಲ್ಲಿ ಕೇಳಿ, ಇಲ್ಲವೇ ಬೆಳೆಸಿದವರಿಂದ ಬಲಿತ ಕಾಯೊಂದನ್ನು ಪಡೆಯಿರಿ. ಬೀಜದಿಂದ ಹೂ ಕಾಣಲು ಮೂರ್ನಾಲ್ಕು ವರ್ಷ ಹಿಡಿಯಬಹುದು.