ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿದೆಯೇ?

ಹಳೇ ಕಾರಿರುವ ಮನೆಗಳಲ್ಲಿ ಈ ಮಾತು ಕೇಳಿಯೇ ಇರುತ್ತೀರಿ: ‘ಬ್ರೇಕ್ ಹಾಕಿದ್ರೆ ಸ್ಟೇರಿಂಗ್ ಸ್ವಲ್ಪ ನಡುಗುತ್ತೆ, ಅದು ಈ ಗಾಡಿ ಗುಣ ಬಿಡಿ.’ ಬಾಗಿಲು ಕಿರ್ರೆನ್ನುವುದು, ಹಿಂದಿನ ಕಿಟಕಿಯ ಗಾಜು ಅರ್ಧಕ್ಕೇ ನಿಲ್ಲುವುದು ಇವೆಲ್ಲ ಗಾಡಿಯ ಗುಣ ಇರಬಹುದು. ಬ್ರೇಕಿನ ನಡುಕವನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಡಿ. ಅದಕ್ಕೆ ಕಾರಣ ಇದ್ದೇ ಇರುತ್ತದೆ. ಆ ಕಾರಣದ ಹತ್ತಿರಕ್ಕಾದರೂ ಹೋಗುವುದು ಗಾಡಿ ಓಡಿಸುವ ಯಾರಿಗಾದರೂ ಸಾಧ್ಯ.

ನನ್ನ ಉದ್ಯೋಗ ಸಾಫ್ಟ್‌ವೇರ್. ಎಂಜಿನಿಯರಿಂಗ್ ಓದಿದ್ದರೂ ಕಾರು ಬಿಚ್ಚಿದವಳಲ್ಲ. ಆದರೆ ದೋಷ ಹುಡುಕುವುದು ನನ್ನ ದಿನದ ಕೆಲಸ. ಪ್ರೋಗ್ರಾಂ ಕೈಕೊಟ್ಟರೆ ನಾವು ಮೊದಲು ಕೇಳೋದು, ಯಾವಾಗ ಕೆಡುತ್ತೆ, ಯಾವಾಗ ಕೆಡಲ್ಲ ಅಂತ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುತ್ತೇವೆ. ಅಪ್ಪನ ಕಾರಿಗೂ ಇದೇ ದಾರಿ ಹಿಡಿದೆವು.

ಅಪ್ಪ ಸಕಲೇಶಪುರದಲ್ಲಿ ನಿವೃತ್ತ ಮೇಷ್ಟ್ರು. ವಯಸ್ಸು 66, ಕಾರಿನ ವಯಸ್ಸು 13. ಅಕ್ಕನ ಮನೆ ಪುತ್ತೂರಿನಲ್ಲಿ, ಶಿರಾಡಿ ಘಾಟಿ ಇಳಿದು ಹೋಗಬೇಕು. ಕಳೆದ ವರ್ಷ ಅಪ್ಪ ಇದ್ದಕ್ಕಿದ್ದ ಹಾಗೆ ಬಸ್ಸಿನಲ್ಲಿ ಹೋಗಿ ಬರಲು ಶುರು ಮಾಡಿದರು. ಮಂಡಿನೋವಿನ ಅಮ್ಮನಿಗೆ ಬಸ್ಸು ಹತ್ತಲು ಆಗದೆ, ಮೊಮ್ಮಗನನ್ನು ನೋಡಲು ಹೋಗುವುದೇ ನಿಂತುಹೋಯಿತು. ಕೇಳಿದರೆ ‘ಘಾಟಿಲಿ ಲಾರಿ ಜಾಸ್ತಿ’ ಅನ್ನೋರು. ದೀಪಾವಳಿಗೆ ಹೋದಾಗ ನಾನು ಬಿಡದೆ ಕೇಳಿದ್ದಕ್ಕೆ ಮೆಲ್ಲಗೆ ಹೇಳಿದರು: ‘ಬ್ರೇಕ್ ಹಾಕುವಾಗ ಕೈ ನಡುಗುತ್ತೆ ಕಣಮ್ಮ. ವಯಸ್ಸಾಯ್ತಲ್ಲ.’

ಮರುದಿನ ಬೆಳಗ್ಗೆ ಗಾಡಿಯನ್ನು ನಾನೇ ಓಡಿಸಿದೆ. ಬ್ರೇಕ್ ಒತ್ತಿದ ಕೂಡಲೇ ನನ್ನ ಕೈಯೂ ನಡುಗಿತು.

ಮೂರು ಪ್ರಶ್ನೆ, ಮೂರು ಉತ್ತರ

ಮೊದಲು ನಾಲ್ಕೂ ಟೈರಿನ ಗಾಳಿ ಸರಿ ಮಾಡಿಸಿ. ಟೈರಿನ ಪಕ್ಕದಲ್ಲಿ ಉಬ್ಬು ಎದ್ದಿದೆಯೇ ನೋಡಿ. ಎದ್ದಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಟೈರು ಬದಲಿಸಿ. ಆಮೇಲೆ ಒಣಗಿದ, ನೇರವಾದ, ಹಿಂದೆ ವಾಹನ ಇಲ್ಲದ ರಸ್ತೆ ಹುಡುಕಿ.

ಒಂದು, ಬ್ರೇಕ್ ಮುಟ್ಟದೆ ನಡುಗುತ್ತದೆಯೇ? ವೇಗ ಗಂಟೆಗೆ 80 ಕಿ.ಮೀ. ಆಸುಪಾಸು ಬಂದಾಗ ಬ್ರೇಕ್ ಒತ್ತದಿದ್ದರೂ ಸ್ಟೇರಿಂಗ್ ನಡುಗಿದರೆ, ಹೆಚ್ಚಿನ ಸಲ ಅದು ವೀಲ್ ಬ್ಯಾಲೆನ್ಸಿಂಗ್, ಟೈರು ಅಥವಾ ಸೊಟ್ಟಗಾದ ರಿಮ್ಮಿನ ತೊಂದರೆ. ಬ್ರೇಕ್ ಒತ್ತಿದಾಗ ಮಾತ್ರ ಬಂದು, ಬಿಟ್ಟ ಕೂಡಲೇ ಹೋದರೆ ಬ್ರೇಕಿನ ಕಡೆ ನೋಡಬೇಕು.

ಎರಡು, ನಡುಕ ಎಲ್ಲಿ ಗೊತ್ತಾಗುತ್ತದೆ? ಕೈಗೆ ಬಂದರೆ ಮುಂದಿನ ಚಕ್ರಗಳು, ಯಾಕೆಂದರೆ ಸ್ಟೇರಿಂಗಿಗೆ ಸೇರಿರುವುದು ಅವೇ. ಕೈಗೆ ಬಾರದೆ ಸೀಟಿಗೆ, ಕಾಲಡಿಗೆ ಬಂದರೆ ಹಿಂದಿನ ಚಕ್ರಗಳ ಮೇಲೆ ಅನುಮಾನ. ಹಳೆಯ ಸಣ್ಣ ಕಾರುಗಳಲ್ಲಿ ಹಿಂದೆ ಇರುವುದು ಡ್ರಮ್ ಬ್ರೇಕ್. ಡ್ರಮ್ಮಿನ ದುಂಡು ಕೆಟ್ಟರೂ ಹೀಗಾಗುತ್ತದೆ. ಎಬಿಎಸ್ ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲು ಕಾಲಿಗೆ ಟಕಟಕ ಹೊಡೆಯುವುದು ಸಹಜ. ಅದಕ್ಕೆ ಹೆದರಬೇಡಿ, ಪೆಡಲಿನಿಂದ ಕಾಲೂ ತೆಗೆಯಬೇಡಿ.

ಮೂರು, ಜೊತೆಗೆ ಇನ್ನೇನಾಗುತ್ತದೆ? ಗಾಡಿ ಒಂದೇ ಕಡೆಗೆ ಎಳೆದರೆ, ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಹತ್ತಿರ ಮಾತ್ರ ವಿಪರೀತ ಬಿಸಿ ಇದ್ದರೆ, ಬ್ರೇಕಿನ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಬಿಸಿ ನೋಡಲು ಕೈಯನ್ನು ಹತ್ತಿರ ಹಿಡಿದರೆ ಸಾಕು, ಮುಟ್ಟಿದರೆ ಸುಡುತ್ತದೆ.

ನಮ್ಮ ಗಾಡಿಯ ಉತ್ತರ ಹೀಗಿತ್ತು: ಬ್ರೇಕ್ ಒತ್ತಿದಾಗ ಮಾತ್ರ, ಕೈಗೆ ಮಾತ್ರ, 80ರಿಂದ 60ಕ್ಕೆ ಇಳಿಯುವಾಗ ಹೆಚ್ಚು. ಎಳೆತ ಇಲ್ಲ. ಅಂದರೆ ಮುಂದಿನ ಡಿಸ್ಕುಗಳು.

ಡಿಸ್ಕಿಗೆ ಆಗುವುದೇನು?

‘ಡಿಸ್ಕ್ ಬೆಂಡಾಗಿದೆ’ ಎನ್ನುವುದು ವಾಡಿಕೆಯ ಮಾತು. ರೊಟ್ಟಿ ಕಾವಲಿ ಸೊಟ್ಟಗಾದಂತೆ ಡಿಸ್ಕೇ ಬಗ್ಗುವುದು ಅಪರೂಪ. ಸಾಮಾನ್ಯವಾಗಿ ಆಗುವುದು ದಪ್ಪದಲ್ಲಿ ವ್ಯತ್ಯಾಸ. ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕು, ಮಣ್ಣು ಸೇರಿದ್ದರೆ ಅಥವಾ ಚಕ್ರದ ನಟ್ಟುಗಳನ್ನು ಒಂದು ಜಾಸ್ತಿ ಒಂದು ಕಡಿಮೆ ಬಿಗಿ ಮಾಡಿದ್ದರೆ, ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಸುತ್ತುವಾಗ ಪ್ರತಿ ಸುತ್ತಿಗೂ ಅದೇ ಜಾಗ ಬ್ರೇಕ್ ಪ್ಯಾಡಿಗೆ ತಾಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಉಜ್ಜಿದ ಮೇಲೆ ಆ ಜಾಗ ತೆಳುವಾಗುತ್ತದೆ. ಮಿಲಿಮೀಟರಿನ ನೂರನೇ ಎರಡು ಭಾಗದಷ್ಟು, ಅಂದರೆ 0.02 ಮಿ.ಮೀ. ವ್ಯತ್ಯಾಸವೂ ಕೈಗೆ ಗೊತ್ತಾಗಬಹುದು.

ಈಗ ಬ್ರೇಕ್ ಒತ್ತಿದರೆ ಪ್ಯಾಡು ದಪ್ಪ ಜಾಗದಲ್ಲಿ ಬಿಗಿಯಾಗಿ, ತೆಳು ಜಾಗದಲ್ಲಿ ಸಡಿಲವಾಗಿ ಹಿಡಿಯುತ್ತದೆ. 80ರ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಸೆಕೆಂಡಿಗೆ ಅಷ್ಟು ಸಲ ಈ ಬಿಗಿ-ಸಡಿಲ ಸ್ಟೇರಿಂಗಿಗೆ ಬಂದರೆ ನಡುಗದೆ ಇನ್ನೇನು? ಸಸ್ಪೆನ್ಷನ್ ಕೂಡ ಒಂದು ನಿರ್ದಿಷ್ಟ ತಾಳಕ್ಕೆ ಹೆಚ್ಚು ಕುಣಿಯುತ್ತದೆ, ಹಾಗಾಗಿಯೇ ಒಂದು ವೇಗದಲ್ಲಿ ನಡುಕ ಜೋರು, ಇನ್ನೊಂದರಲ್ಲಿ ಕಡಿಮೆ. ಸವೆದ ಬಾಲ್ ಜಾಯಿಂಟು, ಲೋಯರ್ ಆರ್ಮ್ ಬುಷ್ ಇದ್ದರೆ ಸಣ್ಣ ನಡುಕವೂ ದೊಡ್ಡದಾಗುತ್ತದೆ.

ಗ್ಯಾರೇಜಿನಲ್ಲಿ

ಅದಕ್ಕೆ ಮೊದಲು ಬೇರೊಂದು ಕಡೆ ತೋರಿಸಿದ್ದಾಗ, ಗಾಡಿ ಓಡಿಸಿಯೂ ನೋಡದೆ ‘ಸಸ್ಪೆನ್ಷನ್ ಪೂರ್ತಿ ಹಾಕ್ಬೇಕು, 18 ಸಾವಿರ ಆಗುತ್ತೆ’ ಅಂದಿದ್ದರಂತೆ. ಪಿಂಚಣಿಯಲ್ಲಿ ಅಷ್ಟು ಕೊಟ್ಟು ಹಳೇ ಗಾಡಿ ರಿಪೇರಿ ಮಾಡಿಸುವುದೇಕೆ ಎಂದು ಅಪ್ಪ ಸುಮ್ಮನಾಗಿದ್ದರು. ನಾವು ಹೋದದ್ದು ಅಪ್ಪನ ಹಳೇ ಶಿಷ್ಯನ ಗ್ಯಾರೇಜಿಗೆ. ನಮ್ಮ ಮೂರು ಉತ್ತರ ಕೇಳಿ ಅವನು, ‘ಮೇಷ್ಟ್ರೇ, ಮೊದಲು ಅಳೆದು ನೋಡೋಣ. ಆಮೇಲೆ ಬಿಚ್ಚೋದು’ ಅಂದ. ಪಕ್ಕದ ಲೇತ್ ಅಂಗಡಿಯಿಂದ ಡಯಲ್ ಗೇಜ್ ತಂದು ಡಿಸ್ಕಿಗೆ ತಾಗಿಸಿ, ಚಕ್ರದ ಹಬ್ಬನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿದ. ಬಲಗಡೆ ಮುಳ್ಳು ಅಲುಗಿದ್ದು ಅಷ್ಟಕ್ಕಷ್ಟೆ. ಎಡಗಡೆ 0.14 ಮಿ.ಮೀ. ತೋರಿಸಿತು. ಸಾಮಾನ್ಯ ಕಾರುಗಳಲ್ಲಿ ಇದು 0.1ರ ಒಳಗಿರಬೇಕು, ಕೆಲವು ಗಾಡಿಗಳಿಗೆ ಇನ್ನೂ ಕಡಿಮೆ.

ಡಿಸ್ಕ್ ಬಿಚ್ಚಿದರೆ ಹಬ್ಬಿನ ಮೇಲೆ ತುಕ್ಕಿನ ಪದರ. ಮಲೆನಾಡಿನ ಮಳೆ ಅಲ್ಲವೇ? ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಕೂರಿಸಿದಾಗ ಮುಳ್ಳು 0.05ಕ್ಕೆ ಇಳಿಯಿತು. ಓರೆ ಹೋಯಿತು, ಆದರೆ ದಪ್ಪದ ವ್ಯತ್ಯಾಸ ಉಳಿದಿತ್ತು. ಲೇತಿನಲ್ಲಿ ಸವರಿಸಬಹುದು ಎಂದುಕೊಂಡರೆ, ಡಿಸ್ಕಿನ ದಪ್ಪ ಆಗಲೇ ಕನಿಷ್ಠ ಮಿತಿಯ ಹತ್ತಿರ ಬಂದಿತ್ತು. ಈ ಮಿತಿ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳುವಾದ ಡಿಸ್ಕನ್ನು ಬಳಸಲೇಬಾರದು. ಹಾಗಾಗಿ ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್. ಒಂದೇ ಕಡೆ ಹಾಕಿದರೆ ಬ್ರೇಕಿನ ಹಿಡಿತ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಕ್ಯಾಲಿಪರಿನ ಪಿನ್ನುಗಳನ್ನು ತೆಗೆದು ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಾಕಿದ. ಬಾಲ್ ಜಾಯಿಂಟುಗಳನ್ನು ಅಲುಗಿಸಿ ನೋಡಿದ, ಗಟ್ಟಿಯಾಗಿದ್ದವು. ಒಟ್ಟು ಖರ್ಚು ಆ 18 ಸಾವಿರದ ಅರ್ಧಕ್ಕಿಂತ ಕಡಿಮೆ.

ಮತ್ತೆ ಬಾರದಿರಲು

ಚಕ್ರ ಬಿಚ್ಚಿ ಹಾಕುವಾಗ ನಟ್ಟುಗಳನ್ನು ಗಾಳಿಯ ಗನ್ನಿನಿಂದ ಒಂದೇ ಉಸಿರಿಗೆ ಬಿಗಿಯಲು ಬಿಡಬೇಡಿ. ಎದುರುಬದುರಾಗಿ ಒಂದೊಂದನ್ನೇ ಬಿಗಿದು, ಕೊನೆಗೆ ಟಾರ್ಕ್ ರೆಂಚಿನಲ್ಲಿ ಸಮ ಮಾಡಲು ಹೇಳಿ. ಎಷ್ಟು ಬಿಗಿ ಇರಬೇಕೆಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಹೊಸ ಪ್ಯಾಡ್ ಹಾಕಿದ ಮೊದಲ ಕೆಲವು ನೂರು ಕಿಲೋಮೀಟರ್ ಜೋರು ಬ್ರೇಕ್ ಆದಷ್ಟು ತಪ್ಪಿಸಿ.

ಘಾಟಿ ಇಳಿಯುವಾಗ ಗೇರು ಕೆಳಗಿಳಿಸಿ, ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟರೆ ಡಿಸ್ಕ್ ಕಾದು ಹಿಡಿತ ಸೋಲುತ್ತದೆ. ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಯೇ ನಿಂತರೆ ಆ ಜಾಗದಲ್ಲಿ ಪ್ಯಾಡಿನ ಪುಡಿ ಅಂಟಿ, ನಡುಕಕ್ಕೆ ಅದೇ ಕಾರಣವೂ ಆಗಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿದಾಗ ಎಂಜಿನ್ ಆರಿಸಿ, ಗೇರಿನಲ್ಲಿಟ್ಟು ಕಾಲು ತೆಗೆಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಪೆಡಲು ಮೆತ್ತಗಾಗಿ ಕೆಳಗೆ ಹೋದರೆ, ಕಬ್ಬಿಣ ಉಜ್ಜಿದ ಸದ್ದು ಬಂದರೆ, ಸುಟ್ಟ ವಾಸನೆ ಬಂದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಗಾಡಿ ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಗ್ಯಾರೇಜಿಗೆ ಹೋದಾಗ ‘ಸ್ಟೇರಿಂಗ್ ಶೇಕ್ ಆಗ್ತಿದೆ’ ಎಂದಷ್ಟೇ ಹೇಳಬೇಡಿ. ಯಾವಾಗ, ಎಲ್ಲಿ, ಎಷ್ಟು ವೇಗದಲ್ಲಿ ಎಂದು ಹೇಳಿ, ಒಮ್ಮೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿ ಓಡಿಸಿ ತೋರಿಸಿ. ಮನೆಯ ಹಿರಿಯರು ಕಾರು ಓಡಿಸುವುದನ್ನು ಸದ್ದಿಲ್ಲದೆ ಕಡಿಮೆ ಮಾಡಿದ್ದರೆ, ವಯಸ್ಸಿನ ಲೆಕ್ಕಕ್ಕೆ ಹಾಕುವ ಮೊದಲು ಅವರ ಗಾಡಿಯನ್ನು ನೀವೂ ಒಂದು ಸುತ್ತು ಓಡಿಸಿ ನೋಡಿ.