ಬೇಡವೆನ್ನಲಾರದವರ ಚಿತ್ರ

ಹಿಂದೆ ಊರು ನೋಡಲು ಹೊರಟ ಕುಟುಂಬವೊಂದು ಮುಂಚಿತವಾಗಿ ವಿಚಾರಿಸಿಕೊಳ್ಳುತ್ತಿದ್ದುದು ಮೂರೇ ಸಂಗತಿಗಳನ್ನು: ಇಳಿದುಕೊಳ್ಳಲು ಸ್ಥಳವೆಲ್ಲಿ, ಊಟಕ್ಕೆ ಏರ್ಪಾಡೇನು, ಭಾನುವಾರದ ಬಲಿಪೂಜೆ ಎಷ್ಟು ಗಂಟೆಗೆ. ಈಗ ಇವುಗಳ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದು ಸೇರಿಕೊಂಡಿದೆ. ಫೋಟೊ ಎಲ್ಲಿ ಚೆನ್ನಾಗಿ ಬರುತ್ತದೆ? ಮಕ್ಕಳಂತೂ ಈ ನಾಲ್ಕನೆಯದನ್ನೇ ಮೊದಲು ಕೇಳುತ್ತಾರೆ. ಒಂದು ರೀಲಿನಲ್ಲಿ 36 ಚಿತ್ರಗಳಷ್ಟೇ ಇದ್ದ ಕಾಲದಲ್ಲಿ ಗುಂಡಿ ಒತ್ತುವ ಮುನ್ನ ಮನೆಯ ಹಿರಿಯರು ಎರಡು ಬಾರಿ ಯೋಚಿಸುತ್ತಿದ್ದರು. ಕೈಯಲ್ಲಿರುವ ಮೊಬೈಲಿಗೆ ಅಂತಹ ಮಿತಿಯಿಲ್ಲ. ತೆಗೆದ ಚಿತ್ರ ಮನೆಯ ಆಲ್ಬಮ್ಮಿನಲ್ಲಿ ಉಳಿಯುವುದೂ ಇಲ್ಲ. ನಿಮಿಷದೊಳಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಮೂಲಕ ನೂರಾರು ಜನರ ಮುಂದೆ ನಿಲ್ಲುತ್ತದೆ.

ಇದನ್ನು ಹಗುರವಾಗಿ ಕಾಣುವ ಕಾರಣವಿಲ್ಲ. ಚೆಲುವಾದುದನ್ನು ಕಂಡಾಗ ಅದನ್ನು ಇನ್ನೊಬ್ಬರಿಗೂ ತೋರಿಸಬೇಕೆನ್ನುವುದು ಒಳ್ಳೆಯ ಆಸೆ. ಆದರೆ ಚೆನ್ನಾದ ಚಿತ್ರ ಬರುವ ಸ್ಥಳವನ್ನು ಹುಡುಕುವಾಗ ನಾವು ಕೇಳದೆ ಬಿಡುವ ಮಾತೊಂದಿದೆ. ಆ ಸ್ಥಳ ಯಾರದು? ಅಲ್ಲಿರುವವರಿಗೆ ನಮ್ಮ ಚಿತ್ರ ಬೇಕೇ, ಬೇಡವೇ? ಈ ಮಾತನ್ನು ಗದಗ ಸೀಮೆಯ ಒಂದು ದಿನದ ಪ್ರವಾಸವನ್ನು ಮುಂದಿಟ್ಟುಕೊಂಡು ವಿಚಾರ ಮಾಡಬಹುದು.

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರ್. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ನಾಡು ಮುದ್ರಣಕ್ಕೆ, ಬೆಟಗೇರಿಯ ನೇಕಾರಿಕೆಗೆ, ಸಂಗೀತಕ್ಕೆ ಹೆಸರಾದುದು. ಮೊಬೈಲು ಹಿಡಿದ ಮಕ್ಕಳಿಗೆ ಇಲ್ಲಿ ತಾಣಗಳ ಕೊರತೆಯಿಲ್ಲ. ಹುಬ್ಬಳ್ಳಿ ರಸ್ತೆಯಲ್ಲಿ, ಗದಗ ತಲುಪುವುದಕ್ಕೆ ಮುನ್ನವೇ ಬಿಂಕದಕಟ್ಟಿಯ ಮೃಗಾಲಯ. ಊರೊಳಗೆ ತ್ರಿಕೂಟೇಶ್ವರ, ವೀರನಾರಾಯಣ ದೇವಾಲಯಗಳು. ಊರಿನಾಚೆ ಕೊಪ್ಪಳದ ದಿಕ್ಕಿಗೆ ಸುಮಾರು 12 ಕಿಲೋಮೀಟರ್ ಸಾಗಿದರೆ ಲಕ್ಕುಂಡಿ. ಚಳಿಗಾಲವಾದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ.

ಬಿಂಕದಕಟ್ಟಿಯಲ್ಲಿ

ಬಿಂಕದಕಟ್ಟಿಯ ಮೃಗಾಲಯ ಮೈಸೂರಿನದರಂತೆ ವಿಶಾಲವಾದುದಲ್ಲ. ಚಿಕ್ಕ ಮಕ್ಕಳು ಕಾಲು ಸೋಲದೆ ಸುತ್ತಿ ಬರಬಹುದು. ಹುಲಿ, ಚಿರತೆಗಳನ್ನು ಇಲ್ಲಿಯೇ ನೋಡಬಹುದು. ಆದುದರಿಂದಲೇ ರಜಾ ದಿನಗಳಲ್ಲಿ ಸುತ್ತಲಿನ ತಾಲ್ಲೂಕುಗಳ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬರುತ್ತವೆ.

ಇಂತಹ ಎಡೆಗಳಲ್ಲಿ ಚಿತ್ರದ ಆಸೆ ಸುಲಭವಾಗಿ ಎಲ್ಲೆ ಮೀರುತ್ತದೆ. ಮಲಗಿರುವ ಹುಲಿಯ ಚಿತ್ರ ಯಾರಿಗೆ ಬೇಕು? ಅದು ಎದ್ದು ನಿಲ್ಲಬೇಕು, ಇತ್ತ ತಿರುಗಬೇಕು, ಬಾಯಿ ತೆರೆಯಬೇಕು. ಅದಕ್ಕಾಗಿ ಕೂಗುವವರು, ಸಿಳ್ಳೆ ಹಾಕುವವರು, ಜಾಲರಿ ಬಡಿಯುವವರು, ತಿನಿಸು ಎಸೆಯುವವರು ಎಲ್ಲ ಊರಿನ ಮೃಗಾಲಯಗಳಲ್ಲಿಯೂ ಇದ್ದಾರೆ. ಒಬ್ಬನು ಕೂಗಿದರೆ ಒಂದು ಗಳಿಗೆಯ ಮಾತು. ದಿನವಿಡೀ ಒಬ್ಬರಾದ ಮೇಲೊಬ್ಬರು ಕೂಗಿದರೆ ಆ ಪ್ರಾಣಿಗೆ ವಿಶ್ರಾಂತಿಯೆಂಬುದೇ ಇಲ್ಲ. ಕಾಡಿನಲ್ಲಿದ್ದಿದ್ದರೆ ಅದು ಪೊದೆಯೊಳಗೆ ಮರೆಯಾಗುತ್ತಿತ್ತು. ಇಲ್ಲಿ ಮರೆಯಾಗಲು ಎಡೆಯಿಲ್ಲ. ಅದಕ್ಕೆಂದೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೃಗಾಲಯದ ಪ್ರಾಣಿಗಳನ್ನು ಕೆಣಕುವುದನ್ನು, ಅವುಗಳಿಗೆ ತಿನಿಸು ಹಾಕುವುದನ್ನು, ಸದ್ದು ಮಾಡಿ ಕಾಡುವುದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದೆ.

ಒಳ್ಳೆಯ ಚಿತ್ರ ಬೇಕೆನ್ನುವವರಿಗೆ ಬೇರೆ ದಾರಿಯಿದೆ. ನಡು ಮಧ್ಯಾಹ್ನ ಬಹುತೇಕ ಪ್ರಾಣಿಗಳು ನೆರಳು ಸೇರಿ ಮಲಗುತ್ತವೆ. ಬಾಗಿಲು ತೆರೆದ ಹೊತ್ತಿನಲ್ಲಿ ಇಲ್ಲವೇ ಬಿಸಿಲು ಇಳಿದ ಮೇಲೆ ಹೋದರೆ ಅವು ತಾವಾಗಿಯೇ ಓಡಾಡುವುದನ್ನು ಕಾಣಬಹುದು. ಜಾಲರಿಯ ಮೇಲೆ ಬಿಸಿಲು ಬಿದ್ದಿದ್ದರೆ ಚಿತ್ರದಲ್ಲಿ ತಂತಿಯೇ ಎದ್ದು ಕಾಣುತ್ತದೆ. ಜಾಲರಿ ನೆರಳಿನಲ್ಲಿದ್ದು, ಪ್ರಾಣಿ ಅದರಿಂದ ಒಂದಿಷ್ಟು ದೂರದಲ್ಲಿದ್ದಾಗ ಝೂಮ್ ಮಾಡಿದರೆ ತಂತಿ ಮಸುಕಾಗಿ ಹಿಂದೆ ಸರಿಯುತ್ತದೆ. ಫ್ಲ್ಯಾಶ್ ಬೆಳಕು ಪ್ರಾಣಿಗೂ ಹಿತವಲ್ಲ. ಜಾಲರಿಗೆ ತಗಲಿ ಮರಳುವುದರಿಂದ ಚಿತ್ರಕ್ಕೂ ಹಿತವಲ್ಲ. ಇನ್ನೂ ಒಂದು ಮಾತು. ಹುಲಿಯ ಚಿತ್ರ ಲಕ್ಷಗಟ್ಟಲೆ ಸಿಗುತ್ತದೆ. ಹುಲಿಯನ್ನು ಮೊದಲ ಬಾರಿಗೆ ಕಂಡ ನಿಮ್ಮ ಮಗುವಿನ ಕಣ್ಣರಳಿದ ಮುಖದ ಚಿತ್ರ ಜಗತ್ತಿನಲ್ಲಿ ಇನ್ನೆಲ್ಲಿಯೂ ಸಿಗದು. ಕೆಲವೊಮ್ಮೆ ಚಿತ್ರಕ್ಕೆ ತಕ್ಕ ತಾಣ ನಾವು ಬೆನ್ನು ತಿರುಗಿಸಿ ನಿಂತ ಕಡೆಯಲ್ಲಿಯೇ ಇರುತ್ತದೆ.

ಕಲ್ಲಿನ ಮುಂದೆ

ಪ್ರಾಣಿಯಾದರೂ ಗುರುಗುಟ್ಟೀತು, ಕಲ್ಲು ಅದನ್ನೂ ಮಾಡಲಾರದು. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯ ಕಲ್ಯಾಣದ ಚಾಲುಕ್ಯರ ಕಾಲದ ಕೆತ್ತನೆಯ ಶಿಖರಪ್ರಾಯ ಕೃತಿಗಳಲ್ಲೊಂದು. ಅದರ ಬಾಗಿಲುವಾಡಗಳ ಕುಸುರಿ ಕಂಡವರು ಕಲ್ಲನ್ನು ಕಡೆದರೋ, ದಂತವನ್ನು ಕೊರೆದರೋ ಎಂದು ಬೆರಗಾಗುತ್ತಾರೆ. ಈ ಸೂಕ್ಷ್ಮತೆ ಸಾಧ್ಯವಾದುದು ಮೃದುವಾದ ಬಳಪದ ಕಲ್ಲಿನಿಂದ. ಉಳಿಗೆ ಸುಲಭವಾಗಿ ಒಲಿದ ಆ ಕಲ್ಲು ನಮ್ಮ ಚಪ್ಪಲಿಗೆ, ಬೀಗದ ಕೈಗೆ, ಬೆವರಿನ ಅಂಗೈಗೆ ಕೂಡ ಅಷ್ಟೇ ಸುಲಭವಾಗಿ ಸವೆಯುತ್ತದೆ. ಚಿತ್ರಕ್ಕಾಗಿ ಶಿಲ್ಪದ ಮೇಲೆ ಕಾಲಿಟ್ಟು ನಿಲ್ಲುವುದು, ಮೂರ್ತಿಯ ಹೆಗಲ ಮೇಲೆ ಕೈ ಹಾಕುವುದು ತಮಾಷೆಯಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಇಲ್ಲಿಯೂ ಹೊತ್ತನ್ನು ಅರಿತವನೇ ಜಾಣ. ನಡು ನೆತ್ತಿಯ ಬಿಸಿಲಿನಲ್ಲಿ ಕೆತ್ತನೆ ಕಳೆಗುಂದುತ್ತದೆ. ಮುಂಜಾನೆಯ ಅಥವಾ ಸಂಜೆಯ ಓರೆ ಬಿಸಿಲು ಗೋಡೆಯನ್ನು ಸವರಿಕೊಂಡು ಹಾಯುವಾಗ ಪ್ರತಿಯೊಂದು ಗೆರೆಯೂ ತನ್ನ ನೆರಳನ್ನು ತಾನೇ ಬರೆಯುತ್ತದೆ. ಕಾಶಿವಿಶ್ವೇಶ್ವರನ ಗುಡಿಯೆದುರಿಗೆ ಪಶ್ಚಿಮಾಭಿಮುಖವಾಗಿ ಸೂರ್ಯನ ಚಿಕ್ಕ ಗುಡಿಯಿದೆ. ಎರಡರ ನಡುವಿನ ಬಯಲಿನಲ್ಲಿ ನಿಂತರೆ ಬೆಳಕಿನ ಈ ಆಟವನ್ನು ಎರಡೂ ಕಡೆ ನೋಡಬಹುದು. ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಯ ಮೆಟ್ಟಿಲುಗಳು ಚಿತ್ರಕ್ಕೆ ಬಲು ಸೊಗಸು. ಆದರೆ ಮಕ್ಕಳ ಕೈ ಬಿಡಬಾರದು. ನೀರಿನ ಅಂಚಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಸೆಲ್ಫಿ ತೆಗೆಯುವುದಂತೂ ಕೂಡದು. 2018ರಲ್ಲಿ ಪ್ರಕಟವಾದ ವೈದ್ಯರ ಅಧ್ಯಯನವೊಂದು 2011ರ ಅಕ್ಟೋಬರಿನಿಂದ 2017ರ ನವೆಂಬರಿನವರೆಗೆ ಜಗತ್ತಿನಲ್ಲಿ ಸೆಲ್ಫಿಯ ಕಾರಣದಿಂದ 259 ಮಂದಿ ಸತ್ತ ವರದಿಗಳನ್ನು ಲೆಕ್ಕ ಹಾಕಿತು. ಅತಿ ಹೆಚ್ಚು ಸಾವುಗಳು ನಮ್ಮ ಭಾರತದಲ್ಲಿ. ಕಾರಣಗಳಲ್ಲಿ ಮೊದಲನೆಯದು ನೀರಿನಲ್ಲಿ ಮುಳುಗಿದ್ದು.

ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಮುದ್ರಣಾಲಯವೇ ಇಲ್ಲದ, ಸಾವಿರ ವರ್ಷಗಳ ಹಿಂದಿನ ಮಾತಿದು. ಒಂದು ಒಳ್ಳೆಯದನ್ನು ಹಲವರಿಗೆ ಹಂಚಬೇಕೆಂಬ ಹಂಬಲ ನಮಗಿಂತ ಆಕೆಗೆ ಕಡಿಮೆಯಿರಲಿಲ್ಲ. ಆದರೆ ಆಕೆ ಹಂಚಿದ್ದು ತನ್ನ ಮುಖವನ್ನಲ್ಲ. ಆ ಜಿನಾಲಯದ ಮುಂದೆ ನಿಂತು ಚಿತ್ರ ತೆಗೆಯುವ ಮಕ್ಕಳಿಗೆ ಇಷ್ಟು ಕಥೆ ಹೇಳಿದರೆ ಚಿತ್ರದ ಕೆಳಗೆ ಬರೆಯಲು ಅವರಿಗೊಂದು ಸಾಲಾದರೂ ಸಿಕ್ಕೀತು.

ಕುಮಾರವ್ಯಾಸನು ಭಾರತವನ್ನು ರಚಿಸಿದ ಸ್ಥಳವೆಂದು ನಾಡು ನಂಬಿರುವ ವೀರನಾರಾಯಣ ದೇವಾಲಯ ಇಂದಿಗೂ ಪೂಜೆ ನಡೆಯುವ ಗುಡಿ. ಅಲ್ಲಿ ಬಂದವರು ಪ್ರಾರ್ಥನೆಗೆ ಬಂದವರು. ಪಾದರಕ್ಷೆ ಹೊರಗಿಟ್ಟು, ಅರ್ಚಕರನ್ನು ಕೇಳಿ, ಗರ್ಭಗುಡಿಯ ಕಡೆಗೆ ಮೊಬೈಲು ಎತ್ತದೆ ಇರುವುದು ಅತಿಥಿಯ ಮರ್ಯಾದೆ. ಅನ್ಯರು ನಮ್ಮ ಪೂಜಾಪೀಠದ ಮುಂದೆ ಹೇಗಿರಬೇಕೆಂದು ನಾವು ಬಯಸುತ್ತೇವೋ ಹಾಗೆಯೇ ನಾವೂ ಇರಬೇಕು.

ನಮ್ಮ ದೇವಾಲಯಗಳಲ್ಲಿ

ಈ ಮಾತು ಬಂದಾಗ ನಮ್ಮ ಮನೆಯ ಕಡೆಗೂ ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಪಾಳು ಬಿದ್ದಿದೆ. ಮಳೆಗಾಲದಲ್ಲಿ ಅರೆ ಮುಳುಗಿ ನಿಲ್ಲುವ ಆ ಕಮಾನುಗಳು ಜಾಲತಾಣಗಳಲ್ಲಿ ಬಹು ಪ್ರಸಿದ್ಧ. ಮದುವೆಗೆ ಮುಂಚಿನ ಚಿತ್ರಗಳಿಗೆಂದು ದೂರದೂರುಗಳಿಂದ ಜೋಡಿಗಳು ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅದರ ಗೋಡೆಗಳ ಭಾಗಗಳು ಕುಸಿದಿವೆ. ಚಿತ್ರ ನೋಡಿ ಮೆಚ್ಚಿದವರಲ್ಲಿ ಎಷ್ಟು ಮಂದಿಗೆ ಗೊತ್ತು, ಅಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ, ಸತ್ತವರನ್ನು ಮಣ್ಣಿಗೆ ಕೊಟ್ಟ ಒಂದು ಜನಸಮುದಾಯ ಊರು ಬಿಟ್ಟು ಹೋಗಬೇಕಾಯಿತೆಂದು?

ಜೀವಂತ ದೇವಾಲಯಗಳಲ್ಲಿಯೂ ಪ್ರಸಂಗ ಬೇರೆಯಲ್ಲ. ಪೋಪ್ ಫ್ರಾನ್ಸಿಸ್ ಅವರು 2017ರ ನವೆಂಬರ್ 8ರಂದು ಬಲಿಪೂಜೆಯ ಕುರಿತು ಉಪದೇಶಿಸುತ್ತ, ಪೂಜೆಯ ನಡುವೆ ಮೊಬೈಲುಗಳು ಮೇಲೇಳುವುದನ್ನು ಕಂಡು ತಮಗಾಗುವ ದುಃಖವನ್ನು ತೋಡಿಕೊಂಡಿದ್ದರು. ಸಾಮಾನ್ಯ ವಿಶ್ವಾಸಿಗಳು ಮಾತ್ರವಲ್ಲ, ಗುರುಗಳೂ ಬಿಷಪರೂ ಹಾಗೆ ಮಾಡುತ್ತಾರೆಂದು ಅವರು ನೊಂದಿದ್ದರು. ಮೇಲೆತ್ತಬೇಕಾದುದು ಹೃದಯವನ್ನು ಎಂದು ನೆನಪಿಸಿದ್ದರು. ರೋಮಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಯಾತ್ರಿಕರು ಚಿತ್ರ ತೆಗೆಯುವುದು ಇಂದಿಗೂ ನಿಷಿದ್ಧ. ಅಲ್ಲಿಗೆ ಹೋದವರು ಬರಿಗೈಯಲ್ಲಿ ಮರಳುವುದಿಲ್ಲ. ಕತ್ತೆತ್ತಿ ನೋಡಿದ್ದನ್ನು ಮನಸ್ಸಿನಲ್ಲಿ ಹೊತ್ತು ಬರುತ್ತಾರೆ.

ಕಾಣದವರ ಮುಂದೆ

ಗದಗದ ನಡುವೆ ಇನ್ನೊಂದು ಸ್ಥಳವಿದೆ. ಅದು ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಆರಂಭಿಸಿ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಬೆಳೆಸಿದ ಈ ಆಶ್ರಮ ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ಸಂಗೀತ ಕಲಿಸಿದ ಮನೆ. ಗುರುಗಳಿಬ್ಬರೂ ಸ್ವತಃ ಕಣ್ಣು ಕಾಣದವರು. ಗದಗ ನೋಡಲು ಬಂದವರಲ್ಲಿ ಹಲವರು ಇಲ್ಲಿಗೂ ಬರುತ್ತಾರೆ, ಬರಬೇಕು.

ಇಂತಹ ಸ್ಥಳದಲ್ಲಿ ತಂಬೂರಿ ಹಿಡಿದು ಕುಳಿತ ಕಾಣದ ಬಾಲಕನನ್ನು ಕಂಡರೆ ಮನಸ್ಸು ಕರಗುತ್ತದೆ. ಅದರೊಡನೆಯೇ ಕೈ ಮೊಬೈಲಿನ ಕಡೆ ಹೋಗುವುದೂ ಉಂಟು. ಇಲ್ಲಿ ಒಂದು ಕ್ಷಣ ತಡೆಯಬೇಕು. ಕಣ್ಣಿರುವವರು ಮೊಬೈಲು ಎತ್ತಿದ್ದನ್ನು ಕಂಡೊಡನೆ ಬೇಡವೆಂದು ಕೈ ಅಡ್ಡ ಹಿಡಿಯಬಹುದು, ಮುಖ ತಿರುಗಿಸಬಹುದು, ಇಲ್ಲವೇ ಅಂಗಿ ಸರಿಮಾಡಿಕೊಂಡು ನಗಬಹುದು. ಆ ಬಾಲಕನಿಗೆ ಈ ಮೂರರಲ್ಲಿ ಒಂದೂ ಇಲ್ಲ. ತನ್ನ ಚಿತ್ರ ತೆಗೆದರೆಂಬುದೇ ಅವನಿಗೆ ತಿಳಿಯದು; ಅದರ ಕೆಳಗೆ ನಾವು ಬರೆಯುವ ಕರುಣೆಯ ಸಾಲನ್ನು ಅವನು ಓದಲಾರ. ಅವನು ರಾಗ ಕಲಿಯುತ್ತಿರುವ ವಿದ್ಯಾರ್ಥಿ. ನಾವು ಅವನನ್ನು ಮರುಕದ ವಸ್ತುವಾಗಿ ಮಾಡಿಬಿಟ್ಟಿರುತ್ತೇವೆ.

ಆದುದರಿಂದ ಹಿರಿಯರ ಅನುಮತಿ ಮೊದಲು. ಆಮೇಲೆ ಆ ಬಾಲಕನನ್ನೇ ಕೇಳಬೇಕು. “ತಮ್ಮಾ, ನಿನ್ನ ಫೋಟೊ ತೆಗೀಲೇನು?” ಎಂದು ಬಾಯಿ ಬಿಟ್ಟು ಕೇಳಿದರೆ ಅವನು ಹೂಂ ಎಂದಾನು, ಒಲ್ಲೆ ಎಂದಾನು. ಎರಡೂ ಅವನ ಹಕ್ಕು. ಚಿತ್ರ ತೆಗೆಯದೆ ಅರ್ಧ ಗಂಟೆ ಕುಳಿತು ಅವನ ಹಾಡು ಕೇಳಿದರೆ ಅದಕ್ಕಿಂತ ಒಳ್ಳೆಯದು.

ಮಾಗಡಿ ಕೆರೆಯ ಹೆಬ್ಬಾತುಗಳ ಮಾತೂ ಇದೇ. ಹಿಮಾಲಯವನ್ನು ದಾಟಿ ಚಳಿಗಾಲ ಕಳೆಯಲು ಬರುವ ಈ ಪಟ್ಟೆತಲೆಯ ಹಕ್ಕಿಗಳಿಂದ ಹೆಸರಾದ ಕೆರೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಹಿಂಡು ಒಟ್ಟಿಗೆ ಮೇಲೇಳುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಎಬ್ಬಿಸಿದರೆ, ಅಷ್ಟು ದೂರ ಹಾರಿ ದಣಿದವಕ್ಕೆ ಮತ್ತೊಂದು ದಣಿವು. ದಂಡೆಯ ಮೇಲೆ ದೂರದಲ್ಲಿ ಸುಮ್ಮನೆ ಕುಳಿತರೆ ಅವು ತಮ್ಮ ಹೊತ್ತಿಗೆ ತಾವೇ ಏಳುತ್ತವೆ.

ಮನೆಯ ಮಕ್ಕಳು

ಬೇಡವೆನ್ನಲಾರದವರ ಪಟ್ಟಿಯಲ್ಲಿ ಕೊನೆಯ ಹೆಸರು ನಮ್ಮ ಮಕ್ಕಳದೇ. ತೊಟ್ಟಿಲ ಕೂಸಿನಿಂದ ಮೊದಲ ಪರಮ ಪ್ರಸಾದ ಸ್ವೀಕರಿಸುವ ಬಾಲೆಯವರೆಗೆ, ಅವರ ಚಿತ್ರಗಳನ್ನು ಲೋಕಕ್ಕೆ ಹಂಚುವವರು ತಂದೆತಾಯಿಗಳು. ಇನ್‌ಸ್ಟಾಗ್ರಾಂ ತನ್ನ ನಿಯಮದಂತೆ 13 ವರ್ಷ ತುಂಬದವರಿಗೆ ಖಾತೆ ಕೊಡುವುದಿಲ್ಲ. ಆದರೆ ಹಿರಿಯರ ಖಾತೆಗಳಲ್ಲಿ ಅವರ ಬಾಲ್ಯವೆಲ್ಲ ಆಗಲೇ ಬಯಲಾಗಿರುತ್ತದೆ. ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ಮನೆಯ ಬೀದಿ, ಸ್ನಾನದ ಹೊತ್ತಿನ ಚಿತ್ರ ಹೊರಗೆ ಹೋಗಬಾರದು. ಪ್ರವಾಸದ ಚಿತ್ರಗಳನ್ನು ಮನೆಗೆ ಮರಳಿದ ಮೇಲೆ ಹಾಕಿದರೆ, ಮನೆಗೆ ಬೀಗ ಬಿದ್ದಿದೆಯೆಂದು ಕಳ್ಳರಿಗೆ ನಾವೇ ಸಾರಿದಂತಾಗುವುದಿಲ್ಲ. ಮಾತು ತಿಳಿಯುವ ವಯಸ್ಸಿನ ಮಗುವನ್ನು “ಇದನ್ನು ಹಾಕಲೇ?” ಎಂದು ಕೇಳುವ ಪದ್ಧತಿಯನ್ನು ಇಂದಿನಿಂದಲೇ ಆರಂಭಿಸಬಹುದು. ಮನೆಯಲ್ಲಿ ತನ್ನನ್ನು ಕೇಳಿದವರನ್ನು ಕಂಡ ಮಗು ಹೊರಗೆ ಇನ್ನೊಬ್ಬರನ್ನು ಕೇಳಲು ಕಲಿಯುತ್ತದೆ.

ಮುಂದಿನ ರಜೆಗೆ ಬಿಂಕದಕಟ್ಟಿ, ಗದಗ, ಲಕ್ಕುಂಡಿಗಳಿಗೆ ಹೊರಡುವ ಕುಟುಂಬಗಳು ಮೊಬೈಲನ್ನು ಮನೆಯಲ್ಲಿಟ್ಟು ಹೋಗಬೇಕಾಗಿಲ್ಲ. ಒಂದೆಡೆ ತಲುಪಿದ ಮೊದಲ ಹತ್ತು ನಿಮಿಷ ಅದು ಜೇಬಿನಲ್ಲಿಯೇ ಇರಲಿ. ಆ ಹತ್ತು ನಿಮಿಷದಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಅಲ್ಲಿ ಯಾರಿದ್ದಾರೆ, ಅವರಿಗೆ ಬೇಡವೆನ್ನುವ ಬಾಯಿ ಇದೆಯೇ ಎಂಬುದನ್ನು ನೋಡಿಕೊಳ್ಳೋಣ. ಬಾಯಿದ್ದರೆ ಕೇಳೋಣ. ಇಲ್ಲದಿದ್ದರೆ ಅವರ ಪರವಾಗಿ ಬೇಡವೆನ್ನುವ ಹೊಣೆ ನಮ್ಮದೇ.