ತುಕ್ಕು ಹಿಡಿದ ಬೀಡಿನ ಕಾವಲಿಗಳ ಪುನರುದ್ಧಾರ

ಹಳೆಯ ಮನೆಗಳ ಅಟ್ಟಗಳಲ್ಲಿ ಬೀಡುಕಬ್ಬಿಣದ ಕಾವಲಿಗಳೂ, ದೇವಸ್ಥಾನದ ಉಗ್ರಾಣಗಳಲ್ಲಿ ಊರೊಟ್ಟಿನ ದೊಡ್ಡ ಬಾಣಲೆಗಳೂ ತುಕ್ಕು ಹಿಡಿದು ಬಿದ್ದಿರುವುದುಂಟು. ಹಗುರವಾದ ಅಲ್ಯೂಮಿನಿಯಂ ಪಾತ್ರೆಗಳು ಬಂದಮೇಲೆ ಇವುಗಳನ್ನು ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವವರೇ ಹೆಚ್ಚು. ಇದು ಕೇವಲ ನಷ್ಟದ ವ್ಯಾಪಾರವು. ಮೇಲೆ ಹಿಡಿದ ತುಕ್ಕನ್ನು ಕಳೆಯಬಹುದು. ಬಿರುಕನ್ನು ಮಾತ್ರ ಮನೆಯಲ್ಲಿ ಸರಿಪಡಿಸಲಾಗದು.

ಆದುದರಿಂದ ಮೊದಲು ಪಾತ್ರೆಯನ್ನು ಪರೀಕ್ಷಿಸತಕ್ಕದ್ದು. ಅದನ್ನು ಹಗ್ಗದಿಂದ ತೂಗುಹಾಕಿ ಮರದ ಸೌಟಿನಿಂದ ಮೆಲ್ಲಗೆ ತಟ್ಟಿದರೆ, ದೋಷವಿಲ್ಲದ್ದು ಗಂಟೆಯಂತೆ ನಾದಗೊಡುವುದು. ಬಿರುಕುಬಿಟ್ಟದ್ದು ಒಡಕು ಸದ್ದು ಮಾಡುವುದು. ಬೀಡಿನಲ್ಲಿ ಶೇಕಡ 2ರಿಂದ 4ರಷ್ಟು ಇಂಗಾಲವಿರುವುದರಿಂದ ಅದು ಗಡುಸಾದರೂ ಪೆಡಸು. ಕುಲುಮೆಯಲ್ಲಿ ಬಡಿದು ತಿದ್ದುವಂತಿಲ್ಲ. ಕೀಟನಾಶಕವನ್ನು ಕಲಸಿದ ಅಥವಾ ಸೀಸವನ್ನು ಕರಗಿಸಿದ ಪಾತ್ರೆಯನ್ನಂತೂ ಎಷ್ಟು ತೊಳೆದರೂ ಅಡಿಗೆಗೆ ಉಪಯೋಗಿಸಲೇಕೂಡದು.

ತುಕ್ಕನ್ನು ತೆಂಗಿನ ನಾರು ಮತ್ತು ಮರಳಿನಿಂದ ಉಜ್ಜಿ ತೆಗೆಯಬೇಕು. ಹೋಗದಿದ್ದಲ್ಲಿ ವಿನಿಗರ್‌ಗೆ ಸಮಪಾಲು ನೀರು ಬೆರೆಸಿ ಪಾತ್ರೆಯನ್ನು ಅದರಲ್ಲಿ ನೆನೆಯಿಡಬಹುದು. ಆದರೆ ಅರ್ಧ ಗಂಟೆಗೊಮ್ಮೆ ನೋಡುತ್ತಿರುವುದು ಅವಶ್ಯಕ. ತುಕ್ಕು ತೀರಿದ ಮೇಲೆ ಹುಳಿಯು ಕಬ್ಬಿಣವನ್ನೇ ತಿನ್ನತೊಡಗುವುದು. ಬಳಿಕ ತೊಳೆದು, ತಡಮಾಡದೆ ಸಣ್ಣ ಉರಿಯ ಮೇಲಿಟ್ಟು ಒಣಗಿಸತಕ್ಕದ್ದು.

ಮುಂದಿನದು ಪಳಗಿಸುವ ಕೆಲಸ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಪಳಗಿದ ಕಾವಲಿಯ ಕರಿಯ ಹೊಳಪು ಜಿಡ್ಡಲ್ಲ. ತೆಳುವಾದ ಎಣ್ಣೆಯು ಕಾವಿನಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾದ ಪೊರೆ. ಒಣಗುವ ಜಾತಿಯ ಎಣ್ಣೆಗಳಿಂದ ಈ ಪೊರೆಯು ಚೆನ್ನಾಗಿ ಕಟ್ಟುವುದು. ಕೊಬ್ಬರಿಯೆಣ್ಣೆ, ಹರಳೆಣ್ಣೆಗಳು ಆ ಜಾತಿಯವಲ್ಲ. ಅಗಸೆಯೆಣ್ಣೆಯು ಬೇಗ ಗಟ್ಟಿಯಾಗುವುದಾದರೂ ಕೆಲವು ಸಲ ಹಕ್ಕಳೆಯಾಗಿ ಏಳುವುದು. ಹುಚ್ಚೆಳ್ಳು ಅಥವಾ ಕುಸುಬೆಯ ಎಣ್ಣೆಯೇ ಲೇಸು. ವಿಜಯಪುರ, ಕಲಬುರಗಿ ಸೀಮೆಯ ಒಕ್ಕಲಿಗರಿಗೆ ಕುಸುಬೆಯು ಹೊಲದಲ್ಲಿಯೇ ಉಂಟು. ಬಣ್ಣದಂಗಡಿಯಲ್ಲಿ ಮಾರುವ ಅಗಸೆಯೆಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುವುದುಂಟಾದ್ದರಿಂದ ಅದು ಕೂಡದು.

ಬಿಸಿಯಾದ ಪಾತ್ರೆಗೆ ಎಣ್ಣೆ ಸವರಿ, ಎಣ್ಣೆಯೇ ಇಲ್ಲವೆಂಬಂತೆ ತೋರುವವರೆಗೆ ಒಣಬಟ್ಟೆಯಿಂದ ಒರೆಸಬೇಕು. ದಪ್ಪನಾದ ಎಣ್ಣೆಯು ಗಟ್ಟಿಯಾಗದೆ ಅಂಟಂಟಾಗಿ ಉಳಿಯುವುದು. ತರುವಾಯ ಗಾಳಿಯಾಡುವ ಕಡೆಯಲ್ಲಿ ಕೆಂಡದ ಮೇಲೆ ಕವುಚಿಟ್ಟು, ತೆಳುಹೊಗೆಯೇಳುವ ಕಾವಿನಲ್ಲಿ ಸುಮಾರು ಒಂದು ಗಂಟೆ ಬಿಟ್ಟು, ತಾನಾಗಿಯೇ ಆರಲು ಬಿಡತಕ್ಕದ್ದು. ಕಾದ ಬೀಡಿಗೆ ತಣ್ಣೀರು ಸೋಕಿದರೆ ಸೀಳುವ ಭಯವುಂಟು. ಹೀಗೆ ಮೂರು ನಾಲ್ಕು ಸಲ ಮಾಡಿದರೆ ದೋಸೆಯು ಹರಿಯದೆ ಏಳುವುದು.

ಹುಳಿಯ ಪದಾರ್ಥಗಳನ್ನು ಇದರಲ್ಲಿ ರಾತ್ರಿಯೆಲ್ಲಾ ಇಡುವುದು ಸರಿಯಲ್ಲ, ಪೊರೆಯು ಕಳಚುವುದು. ಅಡಿಗೆಯಲ್ಲಿ ಸ್ವಲ್ಪ ಕಬ್ಬಿಣಾಂಶವು ಬೆರೆಯುವುದರಿಂದ ಸಾಮಾನ್ಯರಿಗೆ ಹಾನಿಯಿಲ್ಲ, ಸ್ವಲ್ಪ ಪ್ರಯೋಜನವೇ ಉಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತು. ಆದರೂ ವೈದ್ಯರು ಕೊಟ್ಟ ಮಾತ್ರೆಗೆ ಕಾವಲಿಯು ಬದಲಾಗಲಾರದು.

ಜಾತ್ರೆ ಮುಗಿದ ಮೇಲೆ ಊರೊಟ್ಟಿನ ಬಾಣಲೆಗಳನ್ನು ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಮಳೆಗಾಲಕ್ಕೆ ಮುಂಚೆಯೇ ನೆಲದ ತೇವವು ತಾಗದಂತೆ ತೂಗುಹಾಕಿಸುವುದು ಗ್ರಾಮದ ಮುಖಂಡರ ಗಮನಕ್ಕೆ ಸೇರಿದ್ದು.